ತುಮಕೂರಿನಿಂದ ಲೇಹ್‌ಗೆ: ಯಾವ ಬೈಕು, ಯಾವ ಉಡುಪು, ಎಷ್ಟು ಹೊರೆ?

ತುಮಕೂರು ಸವಾರ:

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ಕೊನೆಯ ವಾರದಲ್ಲಿ ತುಮಕೂರಿನಿಂದ ಹೊರಟು, ಶ್ರೀನಗರದ ದಾರಿಯಲ್ಲಿ ಲೇಹ್ ತಲುಪಿ, ಮನಾಲಿಯ ದಾರಿಯಲ್ಲಿ ಇಳಿದು ಊರಿಗೆ ಮರಳಬೇಕೆಂದಿದ್ದೇನೆ. ಕಚೇರಿಯಲ್ಲಿ 26 ದಿನಗಳ ರಜೆ ದೊರೆತಿದೆ. ಜೊತೆಗೆ ಬರುತ್ತೇನೆಂದಿದ್ದ ಗೆಳೆಯನಿಗೆ ಮದುವೆ ನಿಶ್ಚಯವಾದ್ದರಿಂದ ಒಬ್ಬನೇ ಹೋಗಬೇಕಾಗಿದೆ. ನನ್ನ ಎತ್ತರ 5 ಅಡಿ 5 ಅಂಗುಲ, ತೂಕ 61 ಕಿಲೋ. ಏಳು ವರ್ಷಗಳಿಂದ 150 ಸಿಸಿಯ ಬೈಕನ್ನೇ ಓಡಿಸುತ್ತಿದ್ದೇನೆ. ಒಂದೇ ದಿನದಲ್ಲಿ ಓಡಿಸಿದ್ದು ಹೆಚ್ಚೆಂದರೆ 380 ಕಿಲೋಮೀಟರ್.

ಬೈಕು, ಉಡುಪು, ಚೀಲ ಎಲ್ಲವೂ ಸೇರಿ 4 ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮತ್ತು ಕೆಟಿಎಂ 390 ಅಡ್ವೆಂಚರ್, ಇವೆರಡರ ನಡುವೆ ಮನಸ್ಸು ತೂಗಾಡುತ್ತಿದೆ. ಯಾವುದನ್ನು ಕೊಂಡರೂ ಹಣದ ಬಹುಪಾಲು ಬೈಕಿಗೇ ಹೋಗುತ್ತದೆ. ಉಳಿಯುವ ಅಲ್ಪ ಹಣದಲ್ಲಿ ಜಾಕೆಟ್, ಬೂಟು, ಹೆಲ್ಮೆಟ್, ಚೀಲಗಳನ್ನು ಹೊಂದಿಸಬಹುದೇ, ಅಥವಾ ಎತ್ತರದ ರಸ್ತೆಗಳಿಗೆ ಇನ್ನೂ ಹೆಚ್ಚು ಶಕ್ತಿಯ ಬೈಕು ಬೇಕೇ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಗ್ಯಾರೇಜು, ದಾವಣಗೆರೆ:

ಶಕ್ತಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಗ್ಯಾರೇಜಿಗೆ ಬರುವವರೆಲ್ಲ ಮೊದಲು ಕೇಳುವುದು ಅದನ್ನೇ. ನೀವು ಇಳಿಯುವ ದಾರಿಯಲ್ಲಿ ಸಿಗುವ ತಂಗ್ಲಾಂಗ್ ಲಾ ('ಲಾ' ಎಂದರೆ ಬೆಟ್ಟ ದಾಟುವ ಕಣಿವೆದಾರಿ) 5,328 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ ಎಂಬುದನ್ನು ನೆನೆದರೆ ಈ ಎತ್ತರದ ಅಂದಾಜು ಸಿಗುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಲತೀರದ ಒತ್ತಡದ ಅರ್ಧದಷ್ಟಿರುತ್ತದೆ. ಸಿಲಿಂಡರಿನೊಳಗೆ ಅರ್ಧ ಗಾಳಿ ಹೋದರೆ ಇಂಧನವೂ ಅರ್ಧವೇ ಉರಿಯುತ್ತದೆ, ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಸೆನ್ಸರ್ ಗಾಳಿಯನ್ನು ಅಳೆದು ಪೆಟ್ರೋಲನ್ನು ಹೊಂದಿಸುವುದರಿಂದ ಹಳೆಯ ಕಾರ್ಬ್ಯುರೇಟರ್ ಬೈಕುಗಳಂತೆ ಕಪ್ಪು ಹೊಗೆ ಉಗುಳಿ ನಿಂತುಬಿಡುವುದಿಲ್ಲ, ನಿಜ. ಆದರೆ ಇಲ್ಲದ ಗಾಳಿಯನ್ನು ಯಾವ ಸೆನ್ಸರೂ ತಂದು ತುಂಬಲಾರದು.

ಹಾಗಾದರೆ 40 ಪಿಎಸ್ (ಅಶ್ವಶಕ್ತಿಯ ಅಳತೆ) ಇರುವ ಹಿಮಾಲಯನ್ 450 ಅಲ್ಲಿ 20 ಪಿಎಸ್‌ನ ಬೈಕಾಗುತ್ತದೆ, 19 ಪಿಎಸ್ ಇರುವ, ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಸುಮಾರು 10ಕ್ಕೆ ಇಳಿಯುತ್ತದೆ. ತಿರುವುಗಳಲ್ಲಿ ಮೊದಲ ಮತ್ತು ಎರಡನೆಯ ಗೇರಿನಲ್ಲಿ ಗಂಟೆಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ವೇಗದಲ್ಲಿ ಏರಲು ಆ ಹತ್ತೂ ಸಾಕು. ನೀವು ಯೋಚಿಸಬೇಕಾದದ್ದು ತೂಕವನ್ನು. ಎಷ್ಟೇ ಎತ್ತರಕ್ಕೆ ಹೋದರೂ ಬೈಕಿನ ತೂಕ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ, ಅದನ್ನು ಹಿಡಿದು ನಿಲ್ಲಿಸಬೇಕಾದ ನಿಮಗೆ ಮಾತ್ರ ತೆಳು ಗಾಳಿಯಲ್ಲಿ ಬಹುಬೇಗ ಏದುಸಿರು ಬರುತ್ತದೆ. ಹಿಮಾಲಯನ್ 450ರ ತೂಕ 196 ಕಿಲೋ. ಹಳೆಯ 373 ಸಿಸಿಯ 390 ಅಡ್ವೆಂಚರ್ 177 ಕಿಲೋ. ಸುಜುಕಿಯ ವಿ-ಸ್ಟ್ರಾಮ್ ಎಸ್‌ಎಕ್ಸ್ 167 ಕಿಲೋ. ಎಕ್ಸ್‌ಪಲ್ಸ್ 4ವಿ 160 ಕಿಲೋದ ಆಸುಪಾಸು. ಇದಕ್ಕೆ ಕ್ಯಾರಿಯರ್, ಚೀಲ, ಉಪಕರಣ, ಹೆಚ್ಚುವರಿ ಪೆಟ್ರೋಲು ಸೇರಿದರೆ ಇನ್ನೊಂದು ಮೂವತ್ತು ಕಿಲೋ. 61 ಕಿಲೋ ತೂಕದ ಒಂಟಿ ಸವಾರ ಮಣ್ಣಿನಲ್ಲಿ ಬಿದ್ದ 225 ಕಿಲೋ ಬೈಕನ್ನು ತಾನೇ ಎತ್ತಬೇಕಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟು ಆಯ್ಕೆ ಮಾಡಿ.

ಸೀಟಿನ ಎತ್ತರವನ್ನೂ ಮರೆಯಬೇಡಿ. ಹಳೆಯ 390 ಅಡ್ವೆಂಚರ್‌ನ ಸೀಟು 855 ಮಿಲಿಮೀಟರ್ ಎತ್ತರದಲ್ಲಿದೆ. ಹಿಮಾಲಯನ್ 450 ಮತ್ತು ಎಕ್ಸ್‌ಪಲ್ಸ್ 4ವಿ ಎರಡರದೂ 825. ಶೋರೂಮಿನ ನುಣುಪು ನೆಲದ ಮೇಲೆ ತುದಿಗಾಲು ತಾಗಿದರೆ ಸಾಕೆನಿಸುತ್ತದೆ. ಆದರೆ ಓರೆಯಾದ ಹಳ್ಳದ ಕಲ್ಲುಗಳ ನಡುವೆ ನಿಂತಾಗ ಆ ಮೂರು ಸೆಂಟಿಮೀಟರ್‌ಗಳೇ ಬೀಳುವುದನ್ನೂ ಬೀಳದಿರುವುದನ್ನೂ ತೀರ್ಮಾನಿಸುತ್ತವೆ.

ಹಳೆಯ ಬುಲೆಟ್, ಮೈಸೂರು:

ದಾವಣಗೆರೆಯವರ ಲೆಕ್ಕಕ್ಕೆ ನನ್ನ ಅನುಭವವೊಂದನ್ನು ಸೇರಿಸುತ್ತೇನೆ. ಅಟಲ್ ಸುರಂಗ ಇನ್ನೂ ಇಲ್ಲದ, ರೋಹ್ತಾಂಗ್‌ನ ಕೆಸರನ್ನು ದಾಟಿಯೇ ಹೋಗಬೇಕಿದ್ದ ದಿನಗಳಲ್ಲಿ ನಾನು ಕಾರ್ಬ್ಯುರೇಟರಿನ ಬುಲೆಟ್‌ನಲ್ಲಿ ಆ ದಾರಿಯಲ್ಲಿ ಹೋಗಿದ್ದೆ. ಪಾಂಗ್ ದಾಟಿದ ಮೇಲೆ ಸಿಗುವ ಮೋರೆ ಬಯಲಿನಲ್ಲಿ ಆಗ ಡಾಂಬರಿರಲಿಲ್ಲ. ಮರಳಿನಲ್ಲಿ ಮುಂದಿನ ಚಕ್ರ ಹೂತು ಬೈಕು ನಿಧಾನವಾಗಿ, ಎಮ್ಮೆ ಮಲಗಿದ ಹಾಗೆ, ಬಲಕ್ಕೆ ಮಲಗಿತು. ಪೆಟ್ಟೇನೂ ಆಗಲಿಲ್ಲ. ಊರಿನಲ್ಲಿ ಒಂದೇ ಉಸಿರಿಗೆ ಎತ್ತುತ್ತಿದ್ದ ಬೈಕನ್ನು ಅಲ್ಲಿ ಹ್ಯಾಂಡಲ್ ಹಿಡಿದು ಎಳೆದಾಗ ಅರ್ಧಕ್ಕೆ ಬಂದು ಮತ್ತೆ ಕುಸಿಯಿತು. ಮೂರನೆಯ ಸಲ ಎತ್ತಲು ಹೋದಾಗ ಕಣ್ಣ ಮುಂದೆ ಚುಕ್ಕಿಗಳು ಕಾಣಿಸಿಕೊಂಡವು, ಮರಳಿನ ಮೇಲೆಯೇ ಕುಳಿತುಬಿಟ್ಟೆ. ಮುಕ್ಕಾಲು ಗಂಟೆಯ ನಂತರ ಬಂದ ಲಾರಿಯ ಚಾಲಕ ಮತ್ತು ಕ್ಲೀನರ್ ಇಳಿದು ಎತ್ತಿಕೊಟ್ಟರು.

ಎತ್ತುವ ರೀತಿ ತಪ್ಪಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಬೈಕು ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡನ್ನು ಹೊರಗೆ ಚಾಚಿ, ಉರುಳದಂತೆ ಗೇರಿಗೆ ಹಾಕಿ. ಬಳಿಕ ಬೈಕಿಗೆ ಬೆನ್ನು ಮಾಡಿ, ಸೊಂಟದ ಕೆಳಭಾಗವನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕರಗಾಲಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್ಲಿನ ಹಿಡಿಯನ್ನೂ ಇನ್ನೊಂದು ಕೈಯಲ್ಲಿ ಕ್ಯಾರಿಯರಿನ ಕಂಬಿಯನ್ನೂ ಹಿಡಿದು, ಕಾಲಿನ ಬಲದಿಂದಲೇ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಬೇಕು. ಚೀಲಗಳನ್ನು ಬಿಚ್ಚಿಟ್ಟ ನಂತರವೇ ಎತ್ತಿ. ಹೊರಡುವ ಮೊದಲು ಹುಲ್ಲಿನ ಮೇಲೆ ಬೈಕನ್ನು ಮಲಗಿಸಿ ಇದನ್ನು ಮಾಡಿ ನೋಡಿ. ಎರಡು ಸಲ ಸತತವಾಗಿ ಎತ್ತಲಾಗದ ಬೈಕನ್ನು ಒಬ್ಬರೇ ಅಲ್ಲಿಗೆ ಒಯ್ಯಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಕೇಳಬಹುದಾದರೆ, ಹೊಸ ಬೈಕು ಬೇಕೇ ಬೇಕೇ? ನಿಮ್ಮ 150 ಸಿಸಿಯ ಬೈಕಿನ ಪ್ರತಿಯೊಂದು ಸದ್ದೂ ನಿಮಗೆ ಗೊತ್ತು. ಸ್ಕೂಟರಿನಲ್ಲೂ ಲೇಹ್ ತಲುಪಿದವರಿದ್ದಾರೆ.

ಗ್ಯಾರೇಜು, ದಾವಣಗೆರೆ:

ಹಿರಿಯರ ಕೊನೆಯ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. 150 ಸಿಸಿ ಬೈಕು ಹೋಗುತ್ತದೆ, ಅನುಮಾನವಿಲ್ಲ. ಆದರೆ ಏಳು ವರ್ಷ ಓಡಿದ ಬೈಕಿನ ಸಸ್ಪೆನ್ಷನ್ ಮತ್ತು ಸಣ್ಣ ಮುಂದಿನ ಚಕ್ರ ಹೊರೆಯೊಂದಿಗೆ ಕಲ್ಲು ಗುಂಡಿಗಳಲ್ಲಿ ದಿನವಿಡೀ ಕುಟ್ಟಿಸಿಕೊಂಡರೆ ಬೈಕಿಗಿಂತ ಮೊದಲು ಸವಾರನ ಸೊಂಟ ಸೋಲುತ್ತದೆ. ಹಿಮಾಲಯನ್‌ಗೂ ಎಕ್ಸ್‌ಪಲ್ಸ್‌ಗೂ ಮುಂದೆ 21 ಇಂಚಿನ ಚಕ್ರ ಇರುವುದು ಸುಮ್ಮನೆ ಅಲ್ಲ. ದೊಡ್ಡ ಚಕ್ರ ಗುಂಡಿಯೊಳಗೆ ಇಳಿಯದೆ ಅದರ ಮೇಲೆ ಉರುಳಿ ಹೋಗುತ್ತದೆ.

ಧಾರವಾಡ, ಎಕ್ಸ್‌ಪಲ್ಸ್:

ನಾನು ಎಕ್ಸ್‌ಪಲ್ಸ್‌ನಲ್ಲಿ ಶ್ರೀನಗರ, ಲೇಹ್, ಮನಾಲಿ ಸುತ್ತನ್ನು ಮುಗಿಸಿ ಬಂದವಳು. ನನ್ನ ಎತ್ತರ 5 ಅಡಿ 3 ಅಂಗುಲ. ಬೈಕಿನ ದೋಷವನ್ನೂ ಹೇಳಿಬಿಡುತ್ತೇನೆ. ಹೆದ್ದಾರಿಯಲ್ಲಿ ಗಂಟೆಗೆ 80, 85 ಕಿಲೋಮೀಟರ್‌ವರೆಗೆ ನೆಮ್ಮದಿ. ಅದನ್ನು ಮೀರಿದರೆ ಹಿಡಿಯಲ್ಲೂ ಕಾಲ್ಮೆಟ್ಟಿನಲ್ಲೂ ನಡುಕ ಶುರುವಾಗುತ್ತದೆ. ಹಿಮಾಲಯನ್ 450ರವರು ನೂರರ ಮೇಲೆ ಆರಾಮವಾಗಿ ಸಾಗುತ್ತಿದ್ದರೆ ನಾವು ಎಡಬದಿ ಹಿಡಿದು ಲಾರಿಗಳ ಸಾಲಿನಲ್ಲಿ ಹೋಗಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೂರ ಹೋಗುವವರಿಗೆ ಈ ಬೈಕನ್ನು ನಾನು ಹೇಳುವುದಿಲ್ಲ. ಆದರೆ ಝೋಜಿ ಲಾದ ಕೆಸರಿನಲ್ಲಿ ಎರಡು ಸಲ ಬಿದ್ದು ಎರಡು ಸಲವೂ ಯಾರನ್ನೂ ಕಾಯದೆ ಎದ್ದೆ ಎಂಬುದಕ್ಕಾಗಿ ಆ ನಡುಕವನ್ನು ಕ್ಷಮಿಸಿದ್ದೇನೆ.

ಉಡುಪಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಾನೂನಿನ ಪ್ರಕಾರವೇ ಬೇಕು. ಅದರ ಜೊತೆಗೆ ಯುರೋಪಿನ ಇಸಿಇ 22.06 ಪರೀಕ್ಷೆಯನ್ನೂ ಮುಗಿಸಿದ್ದಾದರೆ ಒಳ್ಳೆಯದು. ಮುಂದಕ್ಕೆ ಚಾಚಿದ ಟೋಪಿಯಂತಹ ಅಂಚಿರುವ ಹೆಲ್ಮೆಟ್‌ಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಹೆದ್ದಾರಿಯಲ್ಲಿ ಮಾತ್ರ ಗಾಳಿ ಆ ಅಂಚನ್ನು ಹಿಡಿದು ದಿನವಿಡೀ ಕತ್ತನ್ನು ಹಿಂದಕ್ಕೆ ಎಳೆಯುತ್ತದೆ. ಕಪ್ಪು ಗಾಜನ್ನು ಹಾಕಿಸಲೇಬೇಡಿ. ನಿಮ್ಮ ದಾರಿಯಲ್ಲಿ ಚೆನಾನಿ–ನಾಶ್ರಿ, ಬನಿಹಾಲ್–ಕಾಜಿಗುಂಡ್, ಅಟಲ್ ಎಂಬ ಮೂರು ಸುರಂಗಗಳಿದ್ದು, ಒಂದೊಂದೂ ಎಂಟರಿಂದ ಒಂಬತ್ತು ಕಿಲೋಮೀಟರ್ ಉದ್ದವಿದೆ. ಕಣ್ಣು ಕುಕ್ಕುವ ಬಿಸಿಲಿನಿಂದ ಒಳಹೊಕ್ಕಾಗ ಕಪ್ಪು ಗಾಜಿನ ಹಿಂದೆ ಮುಂದಿನ ಲಾರಿಯ ಕೆಂಪು ದೀಪವೂ ಕಾಣುವುದಿಲ್ಲ. ಬಿಳಿ ಗಾಜು ಮತ್ತು ಒಳಗೊಂದು ತಂಪು ಕನ್ನಡಕ ಇದ್ದರೆ ಸಾಕು.

ಜಾಕೆಟ್ ಕೊಳ್ಳುವಾಗ ಒಳಗಿನ ಚೀಟಿಯನ್ನು ಓದಿ. ಬಟ್ಟೆ ಉಜ್ಜಿಕೊಂಡಾಗ ಎಷ್ಟು ತಾಳುತ್ತದೆ ಎಂಬುದನ್ನು ಇಎನ್ 17092 ಎಂಬ ಮಾನಕದ ಎ, ಎಎ, ಎಎಎ ದರ್ಜೆಗಳು ಹೇಳುತ್ತವೆ. ಭುಜ, ಮೊಣಕೈಗಳ ಕವಚಕ್ಕೆ ಇಎನ್ 1621-1, ಬೆನ್ನಿನ ಕವಚಕ್ಕೆ ಇಎನ್ 1621-2 ಎಂಬ ಬೇರೆ ಮಾನಕಗಳಿದ್ದು, ಅವುಗಳಲ್ಲಿ ಲೆವೆಲ್ 1ಕ್ಕಿಂತ ಲೆವೆಲ್ 2 ಹೆಚ್ಚು ಪೆಟ್ಟನ್ನು ಹೀರುತ್ತದೆ. ಬಹಳಷ್ಟು ಜಾಕೆಟ್‌ಗಳಲ್ಲಿ ಬೆನ್ನಿಗೆ ಬರೀ ಸ್ಪಂಜನ್ನು ತುಂಬಿಸಿಟ್ಟಿರುತ್ತಾರೆ, ತೆಗೆದು ನೋಡಿದರೆ ಗೊತ್ತಾಗುತ್ತದೆ, ಅದನ್ನು ಬದಲಿಸಿ. ಅಳತೆಯ ವಿಷಯದಲ್ಲಿ ನನ್ನಂಥವರಿಗೆ ಇನ್ನೊಂದು ತೊಂದರೆ ಇದೆ: ಗಂಡಸರ ಅಳತೆಗೆ ಹೊಲಿದ ಜಾಕೆಟ್ ಹಾಕಿದರೆ ಮೊಣಕೈ ಕವಚ ಜಾರಿ ಮುಂಗೈಗೆ ಬಂದಿರುತ್ತದೆ, ಬಿದ್ದಾಗ ಮೊಣಕೈ ಬರಿದೇ ನೆಲಕ್ಕೆ ತಾಗುತ್ತದೆ. ಅಂಗಡಿಯಲ್ಲಿ ನಿಂತು ಹಾಕಿ ನೋಡಿದರೆ ಸಾಲದು; ಬೈಕಿನ ಮೇಲೆ ಕುಳಿತು ಕೈ ಚಾಚಿದಾಗ ಕವಚ ಎಲ್ಲಿರುತ್ತದೆ ಎಂಬುದನ್ನು ನೋಡಬೇಕು.

ನಾಗಪುರದ ಕನ್ನಡಿಗ:

ಧಾರವಾಡದ ಅಕ್ಕನವರು ಹೇಳಿದ್ದಕ್ಕೆ ಹವೆಯ ಮಾತನ್ನು ಸೇರಿಸಬೇಕು. ರಾಷ್ಟ್ರೀಯ ಹೆದ್ದಾರಿ 44 ನಮ್ಮ ಊರಿನ ಮೂಲಕವೇ ಹಾದುಹೋಗುತ್ತದೆ. ಮಳೆ ತಡವಾದ ವರ್ಷ ಜೂನ್‌ನಲ್ಲೂ ಇಲ್ಲಿ 44 ಡಿಗ್ರಿ ಇರುತ್ತದೆ. ಅದೇ ಜಾಕೆಟ್ ತೊಟ್ಟು ಹತ್ತು ದಿನಗಳ ನಂತರ ನೀವು ಹಿಮದ ಪಕ್ಕದಲ್ಲಿ ನಿಂತಿರುತ್ತೀರಿ. ಎರಡಕ್ಕೂ ಒಗ್ಗುವ ದಪ್ಪ ಜಾಕೆಟ್ ಎಂಬುದು ಇಲ್ಲವೇ ಇಲ್ಲ. ದಪ್ಪನೆಯದನ್ನು ಕೊಂಡವರು ಆದಿಲಾಬಾದ್ ದಾಟುವ ಮುನ್ನವೇ ಅದನ್ನು ಬಿಚ್ಚಿ ಚೀಲದ ಮೇಲೆ ಕಟ್ಟಿ ಬರೀ ಅಂಗಿಯಲ್ಲಿ ಓಡಿಸುವುದನ್ನು ನೋಡಿದ್ದೇನೆ. ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ಟನ್ನು ಒಂದು ಅಳತೆ ಸಡಿಲವಾಗಿ ಕೊಂಡು, ಚಳಿಗೆ ಒಳಗೆ ಪದರಗಳನ್ನೂ ಮಳೆಗೆ ಹೊರಗೆ ಪ್ರತ್ಯೇಕ ರೈನ್ ಕೋಟನ್ನೂ ಹಾಕಿಕೊಳ್ಳುವುದು ಸರಿ. ಜಾಕೆಟ್ಟಿನ ಒಳಗೆ ಜಿಪ್ಪಿನಿಂದ ಸೇರಿಸುವ ಮಳೆ ಪದರವನ್ನು ನಂಬಬೇಡಿ. ಅದು ಮೈಯನ್ನು ಒಣಗಿಸಿಡುತ್ತದೆ, ಹೊರಗಿನ ಜಾಕೆಟ್ ಮಾತ್ರ ಒದ್ದೆ ಕಂಬಳಿಯಂತೆ ನೀರು ಕುಡಿದು ಮರುದಿನ ಬೆಳಿಗ್ಗೆಯೂ ಒಣಗಿರುವುದಿಲ್ಲ.

ದಿನಗಳ ಲೆಕ್ಕವನ್ನೂ ನೋಡಿ. ತುಮಕೂರಿನಿಂದ ದೆಹಲಿಗೆ ಸುಮಾರು 2,200 ಕಿಲೋಮೀಟರ್. ದಿನಕ್ಕೆ 450ರಂತೆ ಹೋದರೂ ಐದು ದಿನ, ಮರಳಲು ಮತ್ತೆ ಐದು. ದೆಹಲಿಯಿಂದ ಶ್ರೀನಗರಕ್ಕೆ ಎರಡು ಮೂರು ದಿನ, ಅಲ್ಲಿಂದ ಲೇಹ್‌ಗೆ ಎರಡು, ಲೇಹ್‌ನಿಂದ ಮನಾಲಿಗೆ ಮೂರು, ಮನಾಲಿಯಿಂದ ದೆಹಲಿಗೆ ಎರಡು. ಲಡಾಖ್‌ನೊಳಗೆ ಐದಾರು ದಿನ ಇಟ್ಟುಕೊಂಡರೆ ನಿಮ್ಮ 26 ದಿನಗಳೂ ಮುಗಿದವು. ಭೂಕುಸಿತಕ್ಕೋ ಜ್ವರಕ್ಕೋ ಒಂದೇ ಒಂದು ದಿನ ಉಳಿದಿಲ್ಲ. ಹೋಗುವಾಗ ಬೈಕನ್ನು ದೆಹಲಿಯವರೆಗೆ ರೈಲಿನಲ್ಲಿ ಕಳಿಸಿದರೆ ಮೂರು ದಿನ ಉಳಿಯುತ್ತದೆ, ಹೆದ್ದಾರಿಯ ವೇಗಕ್ಕೆಂದೇ ಭಾರದ ಬೈಕು ಕೊಳ್ಳುವ ಅಗತ್ಯವೂ ಅಷ್ಟಕ್ಕೆ ಕಡಿಮೆಯಾಗುತ್ತದೆ.

ನಿವೃತ್ತ ಯೋಧ, ಬೆಳಗಾವಿ:

ಲಡಾಖ್‌ನಲ್ಲಿ ಸೇವೆ ಸಲ್ಲಿಸಿದವನಾಗಿ ಮೂರು ಮಾತು ಮಾತ್ರ ಹೇಳುತ್ತೇನೆ. ನೀವು ಶ್ರೀನಗರದ ಕಡೆಯಿಂದ ಏರುತ್ತಿರುವುದು ಸರಿಯಾದ ನಿರ್ಧಾರ. ಶ್ರೀನಗರ 1,585 ಮೀಟರ್, ಕಾರ್ಗಿಲ್ 2,676, ಲೇಹ್ ಸುಮಾರು 3,500. ರಾತ್ರಿ ಮಲಗುವ ಜಾಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮನಾಲಿಯಿಂದ ಹೊರಟು ಮರುರಾತ್ರಿಯೇ 4,290 ಮೀಟರ್‌ನ ಸರ್ಚುವಿನಲ್ಲಿ ಮಲಗುವವರ ಪಾಡು ತಲೆನೋವು, ವಾಂತಿಯಿಂದ ಶುರುವಾಗುತ್ತದೆ. ಲೇಹ್ ತಲುಪಿದ ಮೇಲೆ ಎರಡು ದಿನ ಬೈಕನ್ನು ಮುಟ್ಟಬೇಡಿ. ಎತ್ತರದ ಕಾಯಿಲೆಗೆಂದು ತೆಗೆದುಕೊಳ್ಳುವ ಡೈಮಾಕ್ಸ್ ಮಾತ್ರೆಯನ್ನು ಗೆಳೆಯರ ಮಾತಿನ ಮೇಲೆ ನುಂಗದೆ ನಿಮ್ಮ ವೈದ್ಯರನ್ನು ಕೇಳಿ.

ಎರಡನೆಯದು, ಹತ್ತಿಯ ಬನಿಯನ್ನನ್ನು ಚರ್ಮಕ್ಕೆ ತಾಗುವಂತೆ ಹಾಕಬೇಡಿ. ಏರುವಾಗ ಬೆವರಿಗೆ ನೆನೆದ ಹತ್ತಿ ಇಳಿಜಾರಿನ ಗಾಳಿಗೆ ಮಂಜುಗಡ್ಡೆಯಂತಾಗುತ್ತದೆ. ತೆಳು ಉಣ್ಣೆಯ ಒಳ ಅಂಗಿ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮೂರನೆಯದು ನೀರಿನ ವಿಷಯ. ಹಿಮ ಕರಗಿ ಹರಿಯುವ ಹಳ್ಳಗಳು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದರೆ ಮಧ್ಯಾಹ್ನದ ಬಿಸಿಲಿಗೆ ಮೊಣಕಾಲಿಗೆ ಬರುತ್ತವೆ. ಹಳ್ಳಗಳಿರುವ ದಿನ ಬೆಳಕು ಹರಿಯುವ ಮುಂಚೆಯೇ ಹೊರಡಿ.

ತುಮಕೂರು ಸವಾರ:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಬೂಟಿನ ಬಗ್ಗೆ ಒಂದು ಸಂದೇಹವಿದೆ. ನೀರು ಒಳಹೋಗದ ಸವಾರಿ ಬೂಟುಗಳ ಬೆಲೆ ಬಹಳವಾಗಿದ್ದು, ಗದ್ದೆಗೆ ಹಾಕುವ ಗಮ್ ಬೂಟೇ ಸಾಕೆಂದು ಕೆಲವರು ಹೇಳುತ್ತಾರೆ. ಹಾಗೆಯೇ ಚೀಲಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ ಒಳ್ಳೆಯದೋ, ಬಟ್ಟೆಯ ಸ್ಯಾಡಲ್ ಬ್ಯಾಗ್ ಒಳ್ಳೆಯದೋ ದಯವಿಟ್ಟು ತಿಳಿಸಿ.

ಧಾರವಾಡ, ಎಕ್ಸ್‌ಪಲ್ಸ್:

ಗಮ್ ಬೂಟು ನೀರನ್ನು ತಡೆಯುತ್ತದೆ, ಬೈಕು ಕಾಲಿನ ಮೇಲೆ ಬಿದ್ದರೆ ಕಣಕಾಲನ್ನು ತಡೆಯುವುದಿಲ್ಲ. ಕಣಕಾಲಿನ ಎರಡೂ ಬದಿಗೆ ಗಟ್ಟಿ ಕವಚವಿರುವ, ಇಎನ್ 13634 ಗುರುತಿನ ಬೂಟನ್ನೇ ಕೊಳ್ಳಿ. ಅದು ನೀರು ತಡೆಯದಿದ್ದರೂ ಚಿಂತೆಯಿಲ್ಲ. ನಾನು ಉಣ್ಣೆಯ ಕಾಲುಚೀಲದ ಮೇಲೆ ಬ್ರೆಡ್ಡಿನ ಖಾಲಿ ಕವರು ಹಾಕಿ, ಅದರ ಮೇಲೆ ಬೂಟು ತೊಟ್ಟು, ಜಿಂಗ್ ಜಿಂಗ್ ಬಾರ್ ಬಳಿಯ ನೀರನ್ನು ದಾಟಿದೆ. ಬೂಟಿನೊಳಗೆ ನೀರು ಕುಲುಕುತ್ತಿತ್ತು, ಕಾಲು ಮಾತ್ರ ಒಣಗಿತ್ತು. ಕೈಗೂ ಅದೇ ಉಪಾಯ: ತೆಳು ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು, ಅದರ ಮೇಲೆ ಸವಾರಿಯ ಕೈಗವಸು. ನೋಡುವವರು ನಕ್ಕರೆ ನಗಲಿ. ಕ್ಲಚ್ಚನ್ನು ಒತ್ತಲು ಬೆರಳುಗಳು ಮಡಚುವಂತಿರಬೇಕು, ಅಷ್ಟೇ. ಸವಾರಿಯ ಕೈಗವಸು ಎರಡು ಜೊತೆ ಇರಲಿ.

ಚೀಲದ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ಪೆಟ್ಟಿಗೆಗಳೂ ಅವುಗಳ ಚೌಕಟ್ಟೂ ಖಾಲಿಯಿದ್ದಾಗಲೇ ಭಾರ. ನಿಧಾನದ ಮಣ್ಣುದಾರಿಯಲ್ಲಿ ಕಾಲೂರಿದಾಗ ಪೆಟ್ಟಿಗೆ ಹಿಂದಿನಿಂದ ಬಂದು ಮೀನಖಂಡಕ್ಕೆ ಬಡಿದು ಕಾಲನ್ನು ನೆಲದಲ್ಲಿ ಸಿಕ್ಕಿಸುವ ಅಪಾಯವೂ ಇದೆ. ಬಟ್ಟೆಯ ಚೀಲವೇ ಲೇಸು. ಆದರೆ ಬಟ್ಟೆಯ ಚೀಲದಿಂದಲೇ ನನಗಾದ ನಷ್ಟವನ್ನು ಹೇಳಬೇಕು. ಹೊರಡುವ ಹಿಂದಿನ ದಿನ ಒಂದು ಅಂಗಡಿಯಲ್ಲಿ ಕ್ಯಾರಿಯರಿನ ಕಂಬಿಗಳನ್ನು ಅವಸರದಲ್ಲಿ ಹಾಕಿಸಿದೆ. ಝಾನ್ಸಿಯ ಹತ್ತಿರ ಬಲಬದಿಯ ಬೋಲ್ಟು ಕಳಚಿ ಬಿದ್ದಿದ್ದು ಗೊತ್ತಾಗಲೇ ಇಲ್ಲ. ಚೀಲ ನಾಲ್ಕು ಬೆರಳಿನಷ್ಟು ಕೆಳಗೆ ಜೋತು ಸೈಲೆನ್ಸರಿಗೆ ಒರಗಿತು. ಸುಟ್ಟ ವಾಸನೆ ಬಂದಾಗ ಮುಂದಿನ ಲಾರಿಯ ಬ್ರೇಕ್ ಇರಬೇಕೆಂದುಕೊಂಡೆ. ಟೀ ಕುಡಿಯಲು ನಿಂತಾಗ ನೋಡಿದರೆ ಚೀಲದಲ್ಲಿ ಅಂಗೈಯಗಲದ ತೂತು, ಅದರಾಚೆ ಮಡಿಸಿಟ್ಟಿದ್ದ ಹೊಸ ಥರ್ಮಲ್ ಅಂಗಿ. ಬಿಡಿಸಿದರೆ ಮಡಿಕೆ ಮಡಿಕೆಗೂ ಒಂದರಂತೆ ಆರು ಕರಕಲು ತೂತುಗಳು ಸಾಲಾಗಿ ಕಾಣಿಸಿದವು. ಆ ಅಂಗಿಯಲ್ಲೇ ಖರ್ದುಂಗ್ ಲಾ ಏರಿದೆ.

ಆದ್ದರಿಂದ ಕ್ಯಾರಿಯರನ್ನು ಒಂದು ತಿಂಗಳು ಮುಂಚೆ ಹಾಕಿಸಿ, ಬೋಲ್ಟುಗಳಿಗೆ ಸಡಿಲವಾಗದಂತೆ ಹಿಡಿಯುವ ಅಂಟನ್ನು ಹಚ್ಚಿಸಿ, ಪೂರ್ತಿ ಹೊರೆ ಕಟ್ಟಿಕೊಂಡು ಬಿಸಿಲೆ ಘಾಟಿಯಂತಹ ದಾರಿಯಲ್ಲಿ ಎರಡು ದಿನ ಓಡಿಸಿ ಬನ್ನಿ. ಆ ಎರಡು ದಿನಗಳಲ್ಲಿ ಒಮ್ಮೆಯೂ ಕೈಗೆ ಬಾರದ ವಸ್ತುಗಳನ್ನು, ಔಷಧಿ ಮತ್ತು ಉಪಕರಣಗಳನ್ನು ಬಿಟ್ಟು, ಮನೆಯಲ್ಲೇ ಇಡಿ. ಭಾರದ ಸಾಮಾನು ಕೆಳಗೆ, ಮುಂದಕ್ಕೆ ಇರಬೇಕು. ಹಿಂದಿನ ಕ್ಯಾರಿಯರಿನ ತುದಿಯಲ್ಲಿ ಗೋಪುರ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಮರಳಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಕೊಕ್ಕೆ ಇರುವ ಎಳೆರಬ್ಬರ್‌ಗಳು ಜಿಗಿದು ಕಣ್ಣಿಗೆ ಹೊಡೆಯುವುದೂ ಉಂಟು, ಕಳಚಿ ಚಕ್ರಕ್ಕೆ ಸುತ್ತಿಕೊಳ್ಳುವುದೂ ಉಂಟು. ಬಕಲ್ ಇರುವ ಪಟ್ಟಿಗಳನ್ನೇ ಬಳಸಿ.

ಗ್ಯಾರೇಜು, ದಾವಣಗೆರೆ:

ಉಪಕರಣಗಳ ಮಾತು ಬಂದದ್ದರಿಂದ ನನ್ನ ಕಸುಬಿನ ಮಾತು ಹೇಳುತ್ತೇನೆ. ಹೊಸದಾಗಲಿ ಹಳೆಯದಾಗಲಿ, ಬೈಕನ್ನು ಈಗಲೇ ತಂದು ಹೊರಡುವ ಮುನ್ನ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿ, ಮೊದಲ ಸರ್ವೀಸ್ ಮುಗಿಸಿ, ಬರುವ ಸಣ್ಣ ತೊಂದರೆಗಳು ಊರಿನಲ್ಲೇ ಬಂದು ಹೋಗಲಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ ತಯಾರಾಗಿದ್ದು ಎಂದರ್ಥ. ಗೀರು ಆಳವಾಗಿದ್ದರೂ ಐದು ವರ್ಷ ದಾಟಿದ ಟೈರನ್ನು ನಾನಂತೂ ಆ ದಾರಿಗೆ ಕಳಿಸುವುದಿಲ್ಲ.

ಎಕ್ಸ್‌ಪಲ್ಸ್‌ನಂತಹ ಕಡ್ಡಿ ಚಕ್ರಗಳಲ್ಲಿ ಟ್ಯೂಬು ಇರುವುದರಿಂದ ಮುಂದಿನ ಮತ್ತು ಹಿಂದಿನ ಅಳತೆಯ ಒಂದೊಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್, ಗಾಳಿ ತುಂಬುವ ಪಂಪು, ಆಕ್ಸಲ್‌ಗೆ ಸರಿಹೊಂದುವ ಸ್ಪ್ಯಾನರ್ ಬೇಕು. ಇವನ್ನು ಕೊಂಡು ಚೀಲಕ್ಕೆ ಹಾಕಿದರೆ ಕೆಲಸ ಮುಗಿಯಲಿಲ್ಲ. ಮನೆಯಂಗಳದಲ್ಲಿ ಒಂದು ಭಾನುವಾರ ಹಿಂದಿನ ಚಕ್ರವನ್ನು ಬಿಚ್ಚಿ, ಟ್ಯೂಬು ತೆಗೆದು, ಮತ್ತೆ ಹಾಕಿ. ಮೊದಲ ಸಲ ಎರಡು ಗಂಟೆ ಹಿಡಿಯುತ್ತದೆ, ಲಿವರ್ ತಾಗಿ ಹೊಸ ಟ್ಯೂಬು ಒಂದಾದರೂ ಹರಿಯುತ್ತದೆ. ಅದು ತುಮಕೂರಿನಲ್ಲೇ ಹರಿಯುವುದು ಒಳ್ಳೆಯದು.

ಕ್ಲಚ್ ಕೇಬಲ್ ಒಂದನ್ನು ಚೀಲದಲ್ಲಿ ಒಯ್ಯುವುದಕ್ಕಿಂತ ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು ಪ್ಲಾಸ್ಟಿಕ್ ಟೈಗಳಿಂದ ಕಟ್ಟಿಡಿ. ಹಳೆಯದು ತುಂಡಾದರೆ ಎರಡು ತುದಿಗಳನ್ನು ಬದಲಿಸಿದರಾಯಿತು. ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ ಟ್ಯಾಂಕ್ ಬಿಚ್ಚಬೇಕಾಗಿಲ್ಲ. ಕ್ಲಚ್ ಮತ್ತು ಬ್ರೇಕಿನ ಒಂದೊಂದು ಲಿವರ್, ಚೈನಿನ ಕೊಂಡಿ, ಫ್ಯೂಸು, ಎಂ-ಸೀಲ್, ಇನ್ಸುಲೇಷನ್ ಟೇಪು ಇರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುತ್ತಾಡಿದರೆ ಬಹುಪಾಲು ಸಿಗುತ್ತವೆ, ಲಿವರ್ ಮತ್ತು ಕೇಬಲ್ಲನ್ನು ಮಾತ್ರ ಕಂಪನಿಯದ್ದೇ ಕೊಳ್ಳಿ. ಚೈನಿನ ಸಡಿಲವನ್ನು ಹೊರೆ ಹೇರಿ, ನೀವೂ ಕುಳಿತು ಇನ್ನೊಬ್ಬರಿಂದ ನೋಡಿಸಿ; ಖಾಲಿ ಬೈಕಿನಲ್ಲಿ ಸರಿಯಾಗಿ ಕಂಡದ್ದು ಹೊರೆ ಬಿದ್ದಾಗ ಬಿಗಿಯಾಗಿರುತ್ತದೆ.

ಪೆಟ್ರೋಲಿನ ಲೆಕ್ಕ ನಿಮಗೆ ಉಲ್ಟಾ ಬರುತ್ತದೆ. ಮನಾಲಿಯಿಂದ ಏರುವವರು ತಾಂಡಿಯ ಬಂಕಿನಲ್ಲಿ, ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂಬ ಫಲಕದ ಮುಂದೆ ಚಿತ್ರ ತೆಗೆಸಿಕೊಂಡು ಟ್ಯಾಂಕು ತುಂಬಿಸುತ್ತಾರೆ. ನೀವು ಇಳಿಯುವವರಾದ್ದರಿಂದ ಲೇಹ್ ಬಿಟ್ಟ ಮೇಲೆ ಸಿಗುವ ಕಾರು ಎಂಬ ಊರಿನ ಬಂಕಿನಲ್ಲೇ ತುಂಬಿಸಬೇಕು. ಎಕ್ಸ್‌ಪಲ್ಸ್‌ನ ಟ್ಯಾಂಕು 13 ಲೀಟರ್. ಏರುದಾರಿ, ಎದುರುಗಾಳಿಗಳಲ್ಲಿ ಲೀಟರಿಗೆ 30ಕ್ಕೆ ಇಳಿದರೆ 390 ಕಿಲೋಮೀಟರ್ ಮಾತ್ರ. ದಡ ಮುಟ್ಟಬಹುದು, ದಾರಿ ತಪ್ಪಿ ಒಂದು ಸುತ್ತು ಹಾಕಿದರೆ ಮುಟ್ಟಲಾರದು. ಐದು ಲೀಟರಿನ ಗಟ್ಟಿ ಕ್ಯಾನು ಒಯ್ಯಿರಿ. ಹಿಮಾಲಯನ್ 450ರ 17 ಲೀಟರಿನ ಟ್ಯಾಂಕಿಗೆ ಈ ಚಿಂತೆ ಕಡಿಮೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಹಳೆಯ ಬುಲೆಟ್, ಮೈಸೂರು:

ಪ್ರೀಪೇಯ್ಡ್ ಸಿಮ್ ನಂಬಿ ಹೋಗಬೇಡಿ, ಜಮ್ಮು ಪ್ರವೇಶಿಸುತ್ತಿದ್ದಂತೆ ನಮ್ಮ ಕಡೆಯ ಪ್ರೀಪೇಯ್ಡ್ ಕೆಲಸ ಮಾಡುವುದಿಲ್ಲ. ಒಂಟಿ ಸವಾರರಿಗೆ ಅದೂ ಒಂದು ಉಪಕರಣವೇ ಆದ್ದರಿಂದ ಹೇಳಿದೆ.

ತುಮಕೂರು ಸವಾರ:

ಕಳೆದ ಭಾನುವಾರ ಗೆಳೆಯನ ಹಿಮಾಲಯನ್ 450 ಅನ್ನು ಅವರ ತೆಂಗಿನ ತೋಟಕ್ಕೆ ಒಯ್ದು, ಹಳೆಯ ಗೋಣಿಚೀಲಗಳನ್ನು ಹಾಸಿ, ಮೈಸೂರಿನ ಹಿರಿಯರು ಬರೆದ ಕ್ರಮದಲ್ಲೇ ಮಲಗಿಸಿ ಎತ್ತಿದೆ. ಖಾಲಿ ಬೈಕು ಮೊದಲ ಸಲ ಎದ್ದಿತು. ಎರಡು ಚೀಲಗಳಲ್ಲಿ ತಲಾ ಹತ್ತು ಕಿಲೋ ಅಕ್ಕಿ ಇಟ್ಟು ಮತ್ತೆ ಮಲಗಿಸಿದಾಗ ಮೊಣಕಾಲಿನ ಎತ್ತರಕ್ಕೆ ಬಂದು ನಿಂತುಬಿಟ್ಟಿತು. ಕೊನೆಗೆ ಗೆಳೆಯನ ಅಪ್ಪ ಬಂದು ಕೈ ಕೊಟ್ಟರು. ಅಕ್ಕಿ ಬಿಚ್ಚಿಟ್ಟಿದ್ದರೆ ಎದ್ದೀತೇನೋ, ಆದರೆ ತುಮಕೂರಿನ ಗಾಳಿಯಲ್ಲೇ ನನ್ನ ಏದುಸಿರು ಇಳಿಯಲು ಐದು ನಿಮಿಷ ಹಿಡಿಯಿತು.

ಎರಡು ವರ್ಷ ಹಳೆಯ, ಹನ್ನೊಂದು ಸಾವಿರ ಕಿಲೋಮೀಟರ್ ಓಡಿದ ಎಕ್ಸ್‌ಪಲ್ಸ್ 4ವಿ ಒಂದನ್ನು ನೋಡಿ ಮುಂಗಡ ಕೊಟ್ಟಿದ್ದೇನೆ. ಚೈನು, ಸ್ಪ್ರಾಕೆಟ್, ಎರಡೂ ಟೈರು ಹೊಸದು ಹಾಕಿಸಿಯೂ ಉಡುಪಿಗೆ ಲಕ್ಷಕ್ಕಿಂತ ಹೆಚ್ಚು ಉಳಿಯುತ್ತದೆ. ಹೋಗುವಾಗ ದೆಹಲಿಯವರೆಗೆ ರೈಲಿನಲ್ಲಿ ಕಳಿಸಿ, ಮರಳುವಾಗ ಓಡಿಸಿಕೊಂಡು ಬರುವುದೆಂದು ತೀರ್ಮಾನಿಸಿದೆ. ರೈಲಿಗೆ ಕೊಡುವಾಗ ಏನೇನು ಗಮನಿಸಬೇಕು ಎಂಬುದೊಂದು ಉಳಿದಿದೆ.

ನಾಗಪುರದ ಕನ್ನಡಿಗ:

ಪಾರ್ಸೆಲ್ ಎಂದು ಬುಕ್ ಮಾಡಿಸಿದರೆ ನೀವು ಅದೇ ರೈಲಿನಲ್ಲಿ ಹೋಗಬೇಕಾಗಿಲ್ಲ. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಒಯ್ಯಿರಿ. ಟ್ಯಾಂಕಿನಲ್ಲಿ ಪೆಟ್ರೋಲು ಇರಬಾರದು. ಹಿಂದಿನ ದಿನವೇ ಖಾಲಿ ಮಾಡಿಸಿಕೊಂಡು ಹೋದರೆ ನಿಲ್ದಾಣದ ಹೊರಗೆ ಪೈಪು ಹಿಡಿದು ಒದ್ದಾಡುವುದು ತಪ್ಪುತ್ತದೆ. ಕನ್ನಡಿಗಳನ್ನು ಬಿಚ್ಚಿ ನಿಮ್ಮ ಚೀಲದಲ್ಲಿಡಿ. ಹೆಡ್‌ಲೈಟು, ಟ್ಯಾಂಕು, ಲಿವರ್‌ಗಳಿಗೆ ರಟ್ಟು ಸುತ್ತಿ ಅದರ ಮೇಲೆ ಗೋಣಿ ಕಟ್ಟಿಸಿ. ನಿಮ್ಮ ಹೆಸರು, ಮೊಬೈಲ್ ಸಂಖ್ಯೆ, ತಲುಪಬೇಕಾದ ನಿಲ್ದಾಣದ ಹೆಸರನ್ನು ಎರಡು ಕಡೆ ದಪ್ಪಕ್ಷರದಲ್ಲಿ ಬರೆಸಿ. ಬೈಕು ನೀವಂದುಕೊಂಡ ರೈಲಿಗೇ ಏರುತ್ತದೆ ಎಂಬ ಖಾತರಿ ಇಲ್ಲವಾದ್ದರಿಂದ ನಾಲ್ಕು ದಿನ ಮುಂಚಿತವಾಗಿ ಕಳಿಸಿ. ದೆಹಲಿಯಲ್ಲಿ ಬಿಡಿಸಿಕೊಂಡ ಮೇಲೆ ಹತ್ತಿರದ ಬಂಕಿನವರೆಗೆ ತಳ್ಳಿಕೊಂಡೇ ಹೋಗಬೇಕು. ಜೂನ್‌ನ ಮಧ್ಯಾಹ್ನಕ್ಕೆ ಆ ಕೆಲಸ ಇಟ್ಟುಕೊಳ್ಳಬೇಡಿ, ಬೆಳಿಗ್ಗೆ ಹೋಗಿ.